ಮೆಕ್ಕೆಜೋಳದ ತೂಕ ಎಲ್ಲಿಂದ ಬಂತು, ರಾಶಿ ಯಾಕೆ ಬಿಸಿಯಾಯ್ತು?

ಪ್ರಶ್ನೆ: ನಮ್ಮದು ಜಗಳೂರು ತಾಲೂಕು, ಮಳೆ ನಂಬಿದ ಮೆಕ್ಕೆಜೋಳ. ಹೋದ ಸಲ ಕಟಾವಿನ ಹೊತ್ತಿಗೇ ಮಳೆ ಹಿಡೀತು. ಸರಿಯಾಗಿ ಒಣಗದ ಕಾಳನ್ನೇ ರಾಶಿ ಮಾಡಿ ಟಾರ್ಪಾಲು ಮುಚ್ಚಿದ್ವಿ. ಎರಡು ದಿನ ಬಿಟ್ಟು ಕೈ ಹಾಕಿದ್ರೆ ಒಳಗೆ ಸುಡು ಬಿಸಿ, ಮುಗ್ಗಲು ವಾಸನೆ. ಬಿಸಿಲೇ ಇಲ್ಲದೆ ಆ ಬಿಸಿ ಎಲ್ಲಿಂದ ಬಂತು? ಹತ್ತನೇ ಕ್ಲಾಸ್ ಓದೋ ಮಗಳು 'ಕಾಳು ಉಸಿರಾಡುತ್ತೆ ಅಪ್ಪಾ, ಅದರ ಬಿಸಿ' ಅಂತಾಳೆ. ನಿಜವಾ? ಇನ್ನೊಂದು ವಿಷಯ. ಒಂದು ಕಾಳು ಊರಿದ್ರೆ ಆಳೆತ್ತರ ಬೆಳೆಯುತ್ತೆ, ಆದ್ರೆ ಹೊಲದಲ್ಲಿ ಗುಂಡಿ ಬೀಳಲ್ಲ. ಅಷ್ಟು ತೂಕ ಎಲ್ಲಿಂದ ಬರುತ್ತೆ? ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು ಅಂತಾರಲ್ಲ, ಅದು ಸರಿನಾ? ಕೊನೆಗೆ, ಸೊಪ್ಪೆ ಸುಡೋದು ಒಳ್ಳೇದಾ, ಹೊಲಕ್ಕೇ ಬಿಡೋದಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಕಾಳು ಉಸಿರಾಡುತ್ತದೆ. ಚೆನ್ನಾಗಿ ಒಣಗಿದ ಕಾಳೂ ಉಸಿರಾಡುತ್ತದೆ, ಆದರೆ ಎಷ್ಟು ನಿಧಾನ ಅಂದರೆ ನಮ್ಮ ಗಮನಕ್ಕೇ ಬರುವುದಿಲ್ಲ. ತೇವ ಸಿಕ್ಕರೆ ಚುರುಕಾಗುತ್ತದೆ. ನೀವು ಕೇಳಿದ ನಾಲ್ಕೂ ಪ್ರಶ್ನೆ ಬೇರೆ ಬೇರೆ ಅನ್ನಿಸಬಹುದು. ನಾಲ್ಕಕ್ಕೂ ಬೇರು ಒಂದೇ. ತೂಕದಿಂದ ಶುರು ಮಾಡೋಣ. ಅದು ಗೊತ್ತಾದರೆ ಬಿಸಿಯ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ.

ಗಿಡ ಮಣ್ಣನ್ನೇ ತಿಂದು ದಪ್ಪಗಾಗುತ್ತದೆ ಅಂತ ಜನ ಬಹಳ ಕಾಲ ನಂಬಿದ್ದರು. ಅದನ್ನು ತಕ್ಕಡಿಯಲ್ಲಿಟ್ಟು ನೋಡಿದವನು ಈಗಿನ ಬೆಲ್ಜಿಯಂ ದೇಶದ ಯಾನ್ ವಾನ್ ಹೆಲ್ಮಾಂಟ್. ಒಣಗಿಸಿದ ಮಣ್ಣು 200 ಪೌಂಡ್, ಅಂದರೆ ಸುಮಾರು 90 ಕೆಜಿ, ಕುಂಡಕ್ಕೆ ತುಂಬಿದ. 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟ. ಐದು ವರ್ಷ ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಕೊನೆಗೆ ಗಿಡ ತೂಗಿದರೆ 169 ಪೌಂಡ್, ಹತ್ತಿರ ಹತ್ತಿರ 77 ಕೆಜಿ. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದು ಬರೀ 2 ಔನ್ಸ್. 60 ಗ್ರಾಂ ಕೂಡ ಇಲ್ಲ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಈ ಪ್ರಯೋಗ ಅಚ್ಚಾಯಿತು. ಮರವೆಲ್ಲಾ ನೀರಿನಿಂದಲೇ ಆಗಿದೆ ಅಂತ ಅವನು ತೀರ್ಮಾನಿಸಿದ. ಇದ್ದಿಲು ಸುಟ್ಟಾಗ ಏಳುವ ಅನಿಲವನ್ನು ಬೇರೆಯಾಗಿ ಗುರುತಿಸಿದವನೂ ಅವನೇ. ಅದೇ ಅನಿಲ ತನ್ನ ಕುಂಡದ ಮರದೊಳಗೆ ಸೇರುತ್ತಿದೆ ಅನ್ನೋದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಈಗ ನಿಮ್ಮ ಹೊಲಕ್ಕೆ ಬರೋಣ. ಎಕರೆಗೆ 25 ಕ್ವಿಂಟಾಲ್ ಕಾಳು ಬಂತು ಅಂತ ಇಟ್ಟುಕೊಳ್ಳಿ. ದಂಟು, ಎಲೆ, ಬೇರು ಎಲ್ಲಾ ಸೇರಿಸಿದರೆ ಒಣ ತೂಕ ಹೆಚ್ಚುಕಡಿಮೆ 50 ಕ್ವಿಂಟಾಲ್ ಆಗುತ್ತದೆ. ಒಣಗಿದ ಗಿಡದ ತೂಕದಲ್ಲಿ ಶೇ. 45ರಷ್ಟು ಇಂಗಾಲ, ಸುಮಾರು ಅಷ್ಟೇ ಆಮ್ಲಜನಕ, ಶೇ. 6ರಷ್ಟು ಜಲಜನಕ. ಉಳಿದ ಚೂರುಪಾರಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದವು ಬರುತ್ತವೆ. ಅಂದರೆ ನಿಮ್ಮ ಎಕರೆ ಬೆಳೆಯಲ್ಲಿ ಇಂಗಾಲವೇ 22 ಕ್ವಿಂಟಾಲ್ ದಾಟುತ್ತದೆ. ಅದು ಬಂದದ್ದು ಗಾಳಿಯಿಂದ. ಅಷ್ಟು ಇಂಗಾಲ ಕೂಡಿಸಲು ಗಿಡಗಳು 82 ಕ್ವಿಂಟಾಲಿನಷ್ಟು ಇಂಗಾಲದ ಡೈಆಕ್ಸೈಡ್ ಹಿಡಿಯಬೇಕು.

ಆ ಅನಿಲ ಗಾಳಿಯಲ್ಲಿ ಧಾರಾಳವಾಗಿ ಇದ್ದಿದ್ದರೆ ಇದು ಅಷ್ಟು ದೊಡ್ಡ ಮಾತಲ್ಲ. ಆದರೆ ಅದು ಇರುವುದು ಹತ್ತು ಸಾವಿರ ಲೀಟರ್ ಗಾಳಿಗೆ ನಾಲ್ಕು ಲೀಟರ್ ಚಿಲ್ಲರೆ. ಒಂದು ಘನ ಮೀಟರ್ ಗಾಳಿಯಲ್ಲಿ ಮುಕ್ಕಾಲು ಗ್ರಾಂ. ಲೆಕ್ಕ ಹಾಕಿದರೆ ನಿಮ್ಮ ಒಂದು ಎಕರೆ ಬೆಳೆ ಒಂದು ಕೋಟಿ ಘನ ಮೀಟರಿಗೂ ಜಾಸ್ತಿ ಗಾಳಿಯನ್ನು ಸೋಸಿದಂತಾಯಿತು. ಎಕರೆಯ ಮೇಲೆ ಎರಡೂವರೆ ಕಿಲೋಮೀಟರಿಗೂ ಎತ್ತರ ನಿಲ್ಲುವಷ್ಟು ಗಾಳಿ. ಗಾಳಿ ಬೀಸುತ್ತಾ ಇರುತ್ತದೆ, ಮಣ್ಣಿನಿಂದಲೂ ಒಂದಿಷ್ಟು ಅನಿಲ ಮೇಲೇಳುತ್ತದೆ, ಹಾಗಾಗಿ ಕೊರತೆ ಬೀಳುವುದಿಲ್ಲ. ಮೂರೂವರೆ ನಾಲ್ಕು ತಿಂಗಳಲ್ಲಿ ಇಷ್ಟು ಕೆಲಸ ಸದ್ದಿಲ್ಲದೆ ನಡೆದು ಹೋಗುತ್ತದೆ. ಪಾಠ ಮಾಡುವಾಗ ಈ ಲೆಕ್ಕ ಬೋರ್ಡಿನ ಮೇಲೆ ಬರೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಯೂರಿಯಾ ಯಾಕೆ ಹಾಕಬೇಕು ಅಂತ ಕೇಳಬಹುದು. ಅಷ್ಟು ಬೆಳೆ ಮಣ್ಣಿನಿಂದ ಎತ್ತುವ ಸಾರಜನಕ 50-60 ಕೆಜಿ. ಒಟ್ಟು ತೂಕದಲ್ಲಿ ನೂರಕ್ಕೆ ಒಂದು. ಆದರೆ ಎಲೆಯ ಹಸಿರಿಗೆ ಅದು ಬೇಕು, ಗಾಳಿಯನ್ನು ಹಿಡಿಯುವ ಪ್ರೋಟೀನಿಗೂ ಅದು ಬೇಕು. ಸಾರಜನಕ ಸಾಲದಿದ್ದಾಗ ಮೆಕ್ಕೆಜೋಳದ ಕೆಳಗಿನ ಎಲೆ ನೋಡಿ. ತುದಿಯಿಂದ ಶುರುವಾಗಿ ನಡುನರದ ಗುಂಟ ಹಳದಿ ಒಳಕ್ಕೆ ಇಳಿಯುತ್ತದೆ. ಅಂಚುಗಳು ಇನ್ನೂ ಹಸಿರಾಗಿರುತ್ತವೆ. ಗಿಡ ಹಳೇ ಎಲೆಯ ಸಾರಜನಕವನ್ನು ಬಿಚ್ಚಿ ಮೇಲಿನ ಎಳೇ ಎಲೆಗೆ ಕಳಿಸುತ್ತಿದೆ ಅಂತ ಅದರ ಅರ್ಥ. ಗೊಬ್ಬರ ಅಂದರೆ ಗಿಡದ ಊಟ ಅಂತ ಹೇಳುವ ರೂಢಿ ಇದೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಊಟವನ್ನು ಗಿಡ ತಾನೇ ಮಾಡಿಕೊಳ್ಳುತ್ತದೆ. ಗೊಬ್ಬರ ಆ ಅಡುಗೆಮನೆ ಕಟ್ಟಲು ಬೇಕಾದ ಸಾಮಾನು.

ಎಲೆಯೊಳಗೆ ಏನು ನಡೆಯುತ್ತದೆ? ಬೆಳಕಿನಲ್ಲಿ ಎಲೆ ಸಕ್ಕರೆ ಕಟ್ಟುವ ಈ ಕೆಲಸಕ್ಕೆ ಮಗಳ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಅಂತ ಒಂದು ಸಾಲಿನ ಸಮೀಕರಣ ಇರುತ್ತದೆ. ಅದನ್ನು ಗ್ರಾಂ ಲೆಕ್ಕದಲ್ಲಿ ಬರೆಯಲು ಹೇಳಿ. 264 ಗ್ರಾಂ ಇಂಗಾಲದ ಡೈಆಕ್ಸೈಡ್, 108 ಗ್ರಾಂ ನೀರು ಸೇರಿದರೆ 180 ಗ್ರಾಂ ಗ್ಲೂಕೋಸ್, 192 ಗ್ರಾಂ ಆಮ್ಲಜನಕ. ಎರಡೂ ಕಡೆ ಕೂಡಿಸಿದರೆ 372. ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆ ಇಲ್ಲ. ಬೆಳಕಿಗೆ ತೂಕದ ಪಟ್ಟಿಯಲ್ಲಿ ಜಾಗವೇ ಇಲ್ಲ. ಆದರೆ ಬೆಳಕಿಲ್ಲದೆ ಈ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಬೆಳಕು ಎಲೆಯ ಪತ್ರಹರಿತ್ತಿಗೆ, ಅಂದರೆ ಎಲೆಗೆ ಹಸಿರು ಕೊಡುವ ವಸ್ತುವಿಗೆ, ಬಿದ್ದಾಗ ಅದರ ಒಂದು ಇಲೆಕ್ಟ್ರಾನ್ ಕಿತ್ತು ಬರುತ್ತದೆ. ಖಾಲಿಯಾದ ಜಾಗ ತುಂಬಲು ಎಲೆ ನೀರನ್ನು ಒಡೆಯುತ್ತದೆ. ಗಾಳಿಗೆ ಬರುವ ಆಮ್ಲಜನಕ ಹುಟ್ಟುವುದು ಇಲ್ಲಿ. ಗಮನಿಸಿ, ಎಲೆ ಬಿಡುವ ಆಮ್ಲಜನಕ ನೀರಿನದು, ಇಂಗಾಲದ ಡೈಆಕ್ಸೈಡಿನದಲ್ಲ. 1941ರಲ್ಲಿ ರೂಬೆನ್ ಮತ್ತು ಕಾಮೆನ್ ಅನ್ನುವ ಅಮೆರಿಕದ ವಿಜ್ಞಾನಿಗಳು ತಮ್ಮ ಸಂಗಡಿಗರ ಜೊತೆ ಸೇರಿ ಮಾಮೂಲಿಗಿಂತ ಭಾರದ, ಗುರುತು ಹಿಡಿಯಬಹುದಾದ ಆಮ್ಲಜನಕ ಇರುವ ನೀರು ಕೊಟ್ಟು ಇದನ್ನು ತೋರಿಸಿದರು. ಕಿತ್ತು ಬಂದ ಇಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತಾ ಹೋಗಿ ಎರಡು ವಸ್ತುಗಳನ್ನು ತಯಾರು ಮಾಡುತ್ತವೆ: ಎಟಿಪಿ ಮತ್ತು ಎನ್‌ಎಡಿಪಿಎಚ್. ಬೆಳಕಿನ ಶಕ್ತಿ ಈಗ ಈ ಎರಡರಲ್ಲಿ ಕೂತಿದೆ. ಇನ್ನು ಮುಂದಿನ ಕೆಲಸಕ್ಕೆ ಬೆಳಕು ನೇರವಾಗಿ ಬೇಡ.

ಮುಂದಿನ ಕೆಲಸ ರುಬಿಸ್ಕೋ ಅನ್ನುವ ಪ್ರೋಟೀನಿನದು. ಗಾಳಿಯಿಂದ ಬಂದ ಇಂಗಾಲದ ಡೈಆಕ್ಸೈಡನ್ನು ಐದು ಇಂಗಾಲದ ಒಂದು ಸಕ್ಕರೆಗೆ ಅಂಟಿಸುವುದು. ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ್ದು ಕ್ಯಾಲ್ವಿನ್, ಬೆನ್ಸನ್, ಬಾಶಮ್. ಕ್ಯಾಲ್ವಿನ್‌ಗೆ 1961ರಲ್ಲಿ ನೊಬೆಲ್ ಬಂತು. ರುಬಿಸ್ಕೋ ಬಹಳ ನಿಧಾನದ ಕೆಲಸಗಾರ, ಸೆಕೆಂಡಿಗೆ ಕೆಲವೇ ಅಣು. ಅದಕ್ಕೇ ಎಲೆಗಳು ಅದನ್ನು ರಾಶಿ ರಾಶಿ ತುಂಬಿಕೊಂಡಿರುತ್ತವೆ. ಎಲೆಯ ಸಾರಜನಕದಲ್ಲಿ ಒಂದು ದೊಡ್ಡ ಪಾಲು ಖರ್ಚಾಗುವುದು ಇಲ್ಲಿಗೇ. ಇನ್ನೊಂದು ಕೊರತೆಯೂ ಇದೆ. ಬಿಸಿಲು ಏರಿದಾಗ ಅದು ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನೇ ಹಿಡಿದುಬಿಡುತ್ತದೆ. ಆಗ ಕಟ್ಟಿದ್ದರಲ್ಲಿ ಒಂದು ಪಾಲು ವ್ಯರ್ಥ.

ನಿಮ್ಮ ಮೆಕ್ಕೆಜೋಳ ಈ ಕೊರತೆಗೆ ಉಪಾಯ ಕಂಡುಕೊಂಡಿದೆ. ಒಂದು ಎಲೆ ಕಿತ್ತು ಬಿಸಿಲಿಗೆ ಎತ್ತಿ ಹಿಡಿದು ನೋಡಿ. ನರಗಳು ಒತ್ತೊತ್ತಾಗಿ, ಸಾಲು ಸಾಲಾಗಿ ಓಡುತ್ತವೆ. ಒಂದೊಂದು ನರದ ಸುತ್ತಲೂ ಕಡು ಹಸಿರಿನ ಜೀವಕೋಶಗಳ ಉಂಗುರ ಇರುತ್ತದೆ. ಹೊರಗಿನ ಜೀವಕೋಶಗಳು ಇಂಗಾಲದ ಡೈಆಕ್ಸೈಡ್ ಹಿಡಿದು ನಾಲ್ಕು ಇಂಗಾಲದ ಆಮ್ಲವಾಗಿ ಮಾಡಿ ಈ ಉಂಗುರದೊಳಗೆ ದೂಡುತ್ತವೆ. ಒಳಗೆ ಅನಿಲ ದಟ್ಟವಾಗುತ್ತದೆ, ರುಬಿಸ್ಕೋ ಎಡವುವುದಿಲ್ಲ. ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಕಬ್ಬಿನಲ್ಲಿ ಈ ದಾರಿಯನ್ನು ವಿವರಿಸಿದರು. ಇವನ್ನು ಸಿ-4 ಗಿಡಗಳು ಅಂತಾರೆ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ ಎಲ್ಲಾ ಇದೇ ಪಂಗಡ. ಭದ್ರಾ ನಾಲೆಯ ಕೆಳಗಿನ ಭತ್ತ, ಚಳ್ಳಕೆರೆಯ ಶೇಂಗಾ, ತೊಗರಿ, ಹತ್ತಿ ಇನ್ನೊಂದು ಪಂಗಡ, ಸಿ-3. ಒಂದು ಕೆಜಿ ಒಣ ತೂಕ ಕಟ್ಟಲು ಮೆಕ್ಕೆಜೋಳ ಸುಮಾರು 350 ಲೀಟರ್ ನೀರನ್ನು ಎಲೆಯಿಂದ ಆವಿ ಮಾಡಿದರೆ, ಭತ್ತಕ್ಕೆ ಅದರ ಎರಡರಷ್ಟು ಬೇಕಾಗುತ್ತದೆ. ಮಳೆ ಕಡಿಮೆ ಇರುವ ಜಗಳೂರು, ಮೊಳಕಾಲ್ಮೂರು ಕಡೆಯ ಹಿರಿಯರು ನವಣೆ, ಸಾಮೆ, ಸಜ್ಜೆಯನ್ನು ಸುಮ್ನೆ ನೆಚ್ಚಿಕೊಂಡಿರಲಿಲ್ಲ ಅಲ್ವಾ?

ಈಗ ಹುಣಸೆ ಮರ. ಗಿಡ ಹಗಲು ಆಮ್ಲಜನಕ ಬಿಟ್ಟು ರಾತ್ರಿ ಮಾತ್ರ ಉಸಿರಾಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗಿಡ ಇಪ್ಪತ್ತನಾಲ್ಕು ಗಂಟೆಯೂ ಉಸಿರಾಡುತ್ತದೆ. ಬೇರು, ಕಾಂಡ, ಹೂವು, ಕಾಳು ಎಲ್ಲವೂ. ತಾನು ಕಟ್ಟಿದ ಸಕ್ಕರೆಯಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಗಿಡವೇ ಹೀಗೆ ಖರ್ಚು ಮಾಡಿಬಿಡುತ್ತದೆ. ಹಗಲಲ್ಲಿ ಎಲೆ ಹೀರುವ ಇಂಗಾಲದ ಡೈಆಕ್ಸೈಡ್ ಅದು ಬಿಡುವುದಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ಬಿಟ್ಟದ್ದು ಕಾಣುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಅದು ಬಯಲಿಗೆ ಬರುತ್ತದೆ, ಅಷ್ಟೇ. ಆಮ್ಲಜನಕ ಬಿಡಲು ಬೆಳಕು ಬೇಕು, ಹಸಿರು ಭಾಗವೇ ಬೇಕು ಅನ್ನೋದನ್ನು 1779ರಲ್ಲೇ ಇಂಗೆನ್‌ಹೌಸ್ ಅನ್ನುವ ವೈದ್ಯ ತೋರಿಸಿಕೊಟ್ಟಿದ್ದ.

ಬಯಲಲ್ಲಿ ನಿಂತ ಮರದ ಕೆಳಗೆ ಗಾಳಿ ಆಡುತ್ತಲೇ ಇರುತ್ತದೆ. ಅಲ್ಲಿ ಉಸಿರುಗಟ್ಟುವಷ್ಟು ಅನಿಲ ನಿಲ್ಲುವುದಿಲ್ಲ. ಕೊಂಬೆ ಮುರಿದು ಬೀಳುತ್ತದೆ, ಹುಳ ಹುಪ್ಪಟೆ ಇರುತ್ತದೆ ಅಂತ ಮಲಗದಿದ್ದರೆ ಅದು ನ್ಯಾಯವಾದ ಕಾರಣ. ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಅರಳಿ ಮರ, ತುಳಸಿ ರಾತ್ರಿಯೂ ಆಮ್ಲಜನಕ ಬಿಡುತ್ತವೆ ಅನ್ನೋದು ತಪ್ಪು. ಬೆಳಕಿಲ್ಲದೆ ನೀರು ಒಡೆಯುವುದಿಲ್ಲ. ನೀರು ಒಡೆಯದೆ ಆಮ್ಲಜನಕ ಇಲ್ಲ. ಚಿತ್ರದುರ್ಗದ ಕಲ್ಲುಗುಡ್ಡಗಳ ಪಾಪಾಸುಕಳ್ಳಿಯಂಥ ಗಿಡಗಳು ನೀರು ಉಳಿಸಲು ರಾತ್ರಿ ಪತ್ರರಂಧ್ರ, ಅಂದರೆ ಗಾಳಿ ಆಡುವ ಸಣ್ಣ ತೂತು, ತೆರೆದು ಇಂಗಾಲದ ಡೈಆಕ್ಸೈಡ್ ಕೂಡಿಟ್ಟುಕೊಳ್ಳುತ್ತವೆ. ಅವೂ ಆಮ್ಲಜನಕ ಮಾಡುವುದು ಹಗಲಲ್ಲೇ. ಅರಳಿ ಮರಕ್ಕೆ ಕೈ ಮುಗಿಯಿರಿ, ಖಂಡಿತ ಮುಗಿಯಿರಿ. ಅದಕ್ಕೆ ಸುಳ್ಳು ಕಾರಣ ಬೇಕಾಗಿಲ್ಲ.

ಇನ್ನು ನಿಮ್ಮ ರಾಶಿ. ಗ್ಲೂಕೋಸ್ ಮತ್ತು ಆಮ್ಲಜನಕ ಸೇರಿ ಮತ್ತೆ ಇಂಗಾಲದ ಡೈಆಕ್ಸೈಡ್, ನೀರು ಆಗುವುದೇ ಜೀವಕೋಶದ ಉಸಿರಾಟ. ಮಗಳು ಬರೆದ ಸಮೀಕರಣವನ್ನೇ ಬಲದಿಂದ ಎಡಕ್ಕೆ ಓದಿದ ಹಾಗೆ. ಮೊದಲು ಗ್ಲೂಕೋಸ್ ಎರಡು ತುಂಡಾಗುತ್ತದೆ. ಆ ತುಂಡುಗಳು ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಅನ್ನುವ ಸಣ್ಣ ಚೀಲಗಳ ಒಳಗೆ ಹೋಗಿ, ಕ್ರೆಬ್ಸ್ 1937ರಲ್ಲಿ ಗುರುತಿಸಿದ ಚಕ್ರದಲ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತವೆ. ಇಂಗಾಲದ ಡೈಆಕ್ಸೈಡ್ ಹೊರಗೆ ಬೀಳುತ್ತದೆ. ಇಲೆಕ್ಟ್ರಾನುಗಳು ಮಾತ್ರ ಕೈ ಬದಲಾಯಿಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಆಮ್ಲಜನಕಕ್ಕೆ ಸೇರಿ ನೀರಾಗುತ್ತವೆ. ಎಲೆಯಲ್ಲಿ ನೀರಿನಿಂದ ಹೊರಬಂದ ಆಮ್ಲಜನಕ ಇಲ್ಲಿ ಮತ್ತೆ ನೀರಿಗೇ ಸೇರಿತು.

ಇಳಿಯುವ ಇಲೆಕ್ಟ್ರಾನುಗಳ ಶಕ್ತಿಯಿಂದ ಪ್ರೋಟಾನುಗಳು, ಅಂದರೆ ಇಲೆಕ್ಟ್ರಾನ್ ಕಳಕೊಂಡ ಜಲಜನಕದ ಕಣಗಳು, ಒಂದು ಪೊರೆಯ ಆಚೆ ಕೂಡಿಕೊಳ್ಳುತ್ತವೆ. ಭದ್ರಾ ಡ್ಯಾಮಿನಲ್ಲಿ ಹಿಂದೆ ನಿಂತ ನೀರು ಟರ್ಬೈನ್ ತಿರುಗಿಸಿ ಕೆಳಗಿಳಿದು ಕರೆಂಟ್ ಕೊಡುವ ಹಾಗೆ, ಪ್ರೋಟಾನುಗಳು ವಾಪಸ್ ಬರುವಾಗ ಪೊರೆಯಲ್ಲಿರುವ ಒಂದು ಸಣ್ಣ ಯಂತ್ರವನ್ನು ತಿರುಗಿಸುತ್ತವೆ. ಅದು ನಿಜವಾಗಿಯೂ ಸುತ್ತುತ್ತದೆ. ಸುತ್ತಿದಾಗ ಎಟಿಪಿ ತಯಾರಾಗುತ್ತದೆ. ಪೀಟರ್ ಮಿಚೆಲ್ 1961ರಲ್ಲಿ ಇದನ್ನು ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಎಲೆಯ ಹಸಿರು ಕಣದಲ್ಲೂ ಎಟಿಪಿ ಮಾಡುವುದು ಇದೇ ಬಗೆಯ ಯಂತ್ರ. ನಿಮ್ಮ ದೇಹದಲ್ಲೂ ಇದೆ, ನಿಮ್ಮ ಎತ್ತಿನ ದೇಹದಲ್ಲೂ ಇದೆ. ಒಂದು ಗ್ಲೂಕೋಸಿಗೆ 30-32 ಎಟಿಪಿ ಸಿಗುತ್ತದೆ. ಗಾಳಿ ಇಲ್ಲದೆ ಹುಳಿ ಬರಿಸಿದರೆ ಸಿಗುವುದು ಎರಡೇ.

ಈ ದಾರಿಯಲ್ಲಿ ಗ್ಲೂಕೋಸಿನ ಶಕ್ತಿ ಪೂರ್ತಿ ಎಟಿಪಿಗೆ ಬರುವುದಿಲ್ಲ. ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬರುತ್ತದೆ. ಉಳಿದದ್ದು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಟಾರ್ಪಾಲಿನ ಕೆಳಗೆ ನಿಮ್ಮ ಕೈಗೆ ತಾಗಿದ್ದು ಅದೇ. ಒಂದು ಕೆಜಿ ಗ್ಲೂಕೋಸ್ ಪೂರ್ತಿ ಉಸಿರಾಟಕ್ಕೆ ಖರ್ಚಾದರೆ ಹೊರಬರುವುದು 1.47 ಕೆಜಿ ಇಂಗಾಲದ ಡೈಆಕ್ಸೈಡ್, 600 ಗ್ರಾಂ ನೀರು, ಮತ್ತೆ 50 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಆ 600 ಗ್ರಾಂ ನೀರಿನ ಕಡೆ ಗಮನ ಕೊಡಿ. ತೇವದಿಂದ ಉಸಿರಾಟ ಜಾಸ್ತಿಯಾಯ್ತು, ಉಸಿರಾಟದಿಂದ ಮತ್ತೆ ತೇವ ಬಂತು, ಬಿಸಿಯೂ ಬಂತು, ಬಿಸಿಗೆ ಉಸಿರಾಟ ಇನ್ನೂ ಏರಿತು. ಟಾರ್ಪಾಲಿನ ಒಳಮೈಯಲ್ಲಿ ಹನಿ ಕಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಇಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ಅದೂ ಒಂದು ಜೀವ, ಅದೂ ಉಸಿರಾಡುತ್ತದೆ, ಕಾಳಿಗಿಂತ ಜೋರಾಗಿ. ರಾಶಿಯ ಬಿಸಿಯಲ್ಲಿ ದೊಡ್ಡ ಪಾಲು ಬೂಷ್ಟಿನದೇ. ಕಾಳಿನ ತೂಕ ಗಾಳಿಗೆ ಹೋಗುತ್ತಿರುತ್ತದೆ. ಎಪಿಎಂಸಿ ಕಾಟಾದಲ್ಲಿ ಕಡಿಮೆ ಬಂದ ತೂಕದಲ್ಲಿ ಸ್ವಲ್ಪ ನೀರು ಆರಿದ್ದು, ಸ್ವಲ್ಪ ಹೀಗೆ ಉಸಿರಾಗಿ ಹೋದದ್ದು.

ಕಾಳನ್ನು ಶೇ. 12-13 ತೇವಾಂಶಕ್ಕೆ ಇಳಿಸಿದರೆ ಈ ಸರಪಳಿ ಶುರುವಾಗುವುದೇ ಇಲ್ಲ. ಮಳೆ ಬಿಡದಿದ್ದರೆ ರಾಶಿ ಎತ್ತರ ಮಾಡಬೇಡಿ, ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ, ಸೂರಿನ ಕೆಳಗೆ ಗಾಳಿ ಆಡಲು ಬಿಡಿ. ಹಸಿ ಕಾಳಿಗೆ ಟಾರ್ಪಾಲು ಬಿಗಿಯಾಗಿ ಹೊದಿಸಿ ದಿನಗಟ್ಟಲೆ ಬಿಡುವುದು ಬಹಳ ಕೆಟ್ಟದ್ದು. ಬೂಷ್ಟು ಹಿಡಿದ ಕಾಳನ್ನು ದನಕ್ಕೋ ಕೋಳಿಗೋ ಹಾಕೋಣ ಅನ್ನಬೇಡಿ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಅನ್ನುವ ವಿಷ ಮಾಡುತ್ತವೆ. ದನ ತಿಂದರೆ ಅದು ಹಾಲಿಗೂ ಇಳಿಯುತ್ತದೆ.

ಮಗಳಿಗೆ ಇದನ್ನು ಕಣ್ಣಾರೆ ತೋರಿಸಬೇಕು ಅಂದ್ರೆ ಒಂದು ಥರ್ಮಾಸ್ ಫ್ಲಾಸ್ಕ್ ಸಾಕು. ನೆನೆಸಿ ಮೊಳಕೆ ಕಟ್ಟಿದ ಹೆಸರುಕಾಳನ್ನು ಮುಕ್ಕಾಲು ಪಾಲು ತುಂಬಿ. ಬಾಯಿಗೆ ಹತ್ತಿ ತುರುಕಿ, ಅದರ ನಡುವೆ ಥರ್ಮಾಮೀಟರ್ ಇಳಿಸಿ. ಇನ್ನೊಂದು ಫ್ಲಾಸ್ಕ್ ಸಿಕ್ಕರೆ ಬೇಯಿಸಿ ಆರಿಸಿದ ಕಾಳು ತುಂಬಿ. ಮಾರನೇ ದಿನ ನೋಡಿದರೆ ಮೊಳಕೆಯ ಫ್ಲಾಸ್ಕಿನಲ್ಲಿ ಪಾದರಸ ಮೇಲೇರಿರುತ್ತದೆ. ಬೇಯಿಸಿದ ಕಾಳನ್ನು ಒಂದೇ ದಿನ ನೋಡಿ ಸಾಕು, ತಡವಾದರೆ ಅದೂ ಹಳಸಿ ಬಿಸಿಯಾಗುತ್ತದೆ. ಒಂದು ಚಿಕ್ಕ ಲೋಟದಲ್ಲಿ ಸುಣ್ಣದ ತಿಳಿನೀರು ಇಟ್ಟು ಅದನ್ನು ಮೊಳಕೆಕಾಳಿನ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ, ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದು ಇಂಗಾಲದ ಡೈಆಕ್ಸೈಡಿನ ಗುರುತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಶಕ್ತಿ ಸಕ್ಕರೆಯ ಒಳಗೆ ಕೂತಿದೆ, ಅದನ್ನು ಮುರಿದರೆ ಹೊರಗೆ ಬರುತ್ತದೆ ಅಂತ ಕ್ಲಾಸಿನಲ್ಲಿ ಹೇಳುವುದುಂಟು. ಅಣುವಿನ ಯಾವ ಬಂಧ ಮುರಿಯಲೂ ಶಕ್ತಿ ಕೊಡಬೇಕೇ ಹೊರತು ಅದರಿಂದ ಸಿಗುವುದಿಲ್ಲ. ಸಕ್ಕರೆಯ ಇಂಗಾಲ, ಜಲಜನಕ ಹೋಗಿ ಆಮ್ಲಜನಕದ ಜೊತೆ ಗಟ್ಟಿಯಾಗಿ ಕೂಡಿಕೊಂಡಾಗ ಶಕ್ತಿ ಹೊರಬರುತ್ತದೆ. ಅಂದರೆ ಬೆಳಕು ಕಷ್ಟಪಟ್ಟು ಮಾಡಿದ್ದು ಇವನ್ನು ಬೇರೆ ಮಾಡುವ ಕೆಲಸ. ಸಕ್ಕರೆ ಗಿಡದಲ್ಲಿ ಉಳಿಯಿತು, ಆಮ್ಲಜನಕ ಗಾಳಿಗೆ ಹೋಯಿತು. ಎರಡೂ ಮತ್ತೆ ಸೇರುವವರೆಗೆ ಆ ಶಕ್ತಿ ಕಾದಿರುತ್ತದೆ. ಒಂದನ್ನು ದೂರ ಇಟ್ಟರೆ ಇನ್ನೊಂದು ಹೆಚ್ಚೇನೂ ಮಾಡಲಾರದು.

ನಮ್ಮ ಹಳ್ಳಿಗಳ ಹಗೇವು ಇದೇ ಸೂತ್ರದ ಮೇಲೆ ನಡೆಯುತ್ತಿತ್ತು. ಚೆನ್ನಾಗಿ ಒಣಗಿದ ಕಾಳನ್ನು ನೆಲದೊಳಗಿನ ಗುಂಡಿಗೆ ತುಂಬಿ ಬಾಯಿ ಮೆತ್ತಿಬಿಟ್ಟರೆ, ಕಾಳು ಮತ್ತು ಹುಳ ಒಳಗಿನ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಆಮೇಲೆ ಹುಳ ಸಾಯುತ್ತವೆ. ಕಾಳಿನ ಉಸಿರಾಟ ಬಹುತೇಕ ನಿಂತುಹೋಗುತ್ತದೆ, ಕಾಳು ಕೆಡದೆ ಉಳಿಯುತ್ತದೆ. ಹಗೇವು ತೆರೆದ ತಕ್ಷಣ ಇಳಿದವರು ಪ್ರಾಣ ಬಿಟ್ಟಿರುವುದೂ ಇದೇ ಕಾರಣಕ್ಕೆ. ಒಳಗೆ ಆಮ್ಲಜನಕ ಇಲ್ಲ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆ. ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಲೇ ಕೂಡದು. ದೀಪ ಉರಿಯುತ್ತಿದೆ ಅಂತಲೂ ಧೈರ್ಯ ಮಾಡಬೇಡಿ, ಚೆನ್ನಾಗಿ ಗಾಳಿ ಆಡಿದ ಮೇಲಷ್ಟೇ. ಒಬ್ಬರು ಬಿದ್ದರು ಅಂತ ಇನ್ನೊಬ್ಬರು ಹಿಂದೆಯೇ ಧುಮುಕಿ ಇಬ್ಬರೂ ಹೋಗುವುದು ಇಂಥ ಕಡೆ ಆಗುವ ದೊಡ್ಡ ಅನಾಹುತ. ಪಾಳು ಬಾವಿಗೂ ಈ ಎಚ್ಚರಿಕೆ ಬೇಕು.

ಎರೆ ಹೊಲದಲ್ಲಿ ಮಳೆ ನೀರು ನಿಂತಾಗ ಮೆಕ್ಕೆಜೋಳ ಸೊರಗುವುದಕ್ಕೂ ಕಾರಣ ಇದೇ. ಬೇರಿಗೆ ಆಮ್ಲಜನಕ ಸಿಗುವುದಿಲ್ಲ, ಮೂವತ್ತರ ಜಾಗದಲ್ಲಿ ಎರಡು ಎಟಿಪಿಯಲ್ಲಿ ಬೇರು ಎಷ್ಟು ದಿನ ಬದುಕೀತು? ಭತ್ತದ ಬೇರಿನೊಳಗೆ ಗಾಳಿ ಇಳಿಯುವ ಕೊಳವೆಗಳಿವೆ, ಅದು ನಿಲ್ಲುತ್ತದೆ.

ಹಾಗಾದರೆ ಎಲ್ಲಾ ಸೇರಿ ಲೆಕ್ಕ ಏನಾಯ್ತು? ಇಂಗಾಲ ಗಾಳಿಯಿಂದ ಎಲೆಗೆ ಬಂತು, ಕಾಳಾಯ್ತು, ಕಾಳು ತಿಂದವರ ಉಸಿರಿನಲ್ಲಿ ಮತ್ತೆ ಗಾಳಿಗೆ ಹೋಯ್ತು. ನಾಳೆ ಅದು ಇನ್ನೊಂದು ಎಲೆಗೆ ಸಿಗುತ್ತದೆ. ವಸ್ತು ಹೀಗೆ ಸುತ್ತುತ್ತಲೇ ಇರುತ್ತದೆ. ಶಕ್ತಿ ಸುತ್ತುವುದಿಲ್ಲ. ಅದು ಬೆಳಕಾಗಿ ಬಂದು, ಒಂದೊಂದು ಹೆಜ್ಜೆಗೂ ಸ್ವಲ್ಪ ಸ್ವಲ್ಪ ಬಿಸಿಯಾಗಿ ಸೋರಿ, ಕೊನೆಗೆ ಪೂರ್ತಿ ಶಾಖವಾಗಿ ಭೂಮಿಯಿಂದ ಹೊರಟು ಹೋಗುತ್ತದೆ. ಆ ಶಾಖದಿಂದ ಯಾವ ಎಲೆಯೂ ಮತ್ತೆ ಸಕ್ಕರೆ ಕಟ್ಟಲಾರದು. ದಿನಾ ಸೂರ್ಯ ಹುಟ್ಟಲೇಬೇಕು. 'ಶಕ್ತಿಯ ಚಕ್ರ' ಅಂತ ಎಲ್ಲಾದರೂ ಚಿತ್ರ ಕಂಡರೆ ಅದನ್ನು ತಿದ್ದಲು ಮಗಳಿಗೆ ಹೇಳಿ. ಬಾಣ ಒಂದೇ ಕಡೆಗೆ ಹೋಗಬೇಕು.

ಸೋರುವ ಪ್ರಮಾಣವೂ ಕಡಿಮೆಯಲ್ಲ. ಹೊಲಕ್ಕೆ ಬಿದ್ದ ಬಿಸಿಲಿನಲ್ಲಿ ಸಿ-4 ಗಿಡ ಹಿಡಿಯಬಲ್ಲ ಗರಿಷ್ಠ ಪಾಲು ನೂರಕ್ಕೆ ಆರು. ಹೊಲದಲ್ಲಿ ನಿಜವಾಗಿ ಸಿಗುವುದು ಒಂದೋ ಎರಡೋ. ಚಳ್ಳಕೆರೆಯ ಶೇಂಗಾ ಇನ್ನೂ ದುಬಾರಿ ಕೆಲಸ ಮಾಡುತ್ತದೆ. ಒಂದು ಗ್ರಾಂ ಎಣ್ಣೆ ಕಟ್ಟಲು ಅದಕ್ಕೆ ಸುಮಾರು ಮೂರು ಗ್ರಾಂ ಗ್ಲೂಕೋಸ್ ಬೇಕು. ಅದರ ಫಲವಾಗಿ ಅಷ್ಟೇ ತೂಕದ ಪಿಷ್ಟಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಎಣ್ಣೆಯಲ್ಲಿರುತ್ತದೆ. ನಿಮ್ಮ ಮೆಕ್ಕೆಜೋಳ ಕೋಳಿ ಫಾರಂಗೆ ಹೋದರೆ, ಕೋಳಿ ಅದರ ದೊಡ್ಡ ಪಾಲನ್ನು ಉಸಿರಾಡಿ ಬಿಸಿ ಮಾಡಿ ಕಳೆಯುತ್ತದೆ. ಬೇಸಿಗೆಯಲ್ಲಿ ಶೆಡ್ಡಿಗೆ ಫ್ಯಾನು, ನೀರಿನ ತುಂತುರು ಬೇಕಾಗುವುದು ಹೊರಗಿನ ಬಿಸಿಲೊಂದರಿಂದಲೇ ಅಲ್ಲ. ನಾವೂ ಅಷ್ಟೇ, ಸುಮ್ನೆ ಕೂತಾಗಲೂ 80ರಿಂದ 100 ವ್ಯಾಟ್ ಶಾಖ ಬಿಡುತ್ತೇವೆ. ಯಾರಾದರೂ 10 ಕೆಜಿ ಕೊಬ್ಬು ಕರಗಿಸಿದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದಲೇ ಹೋಗುತ್ತದೆ, ಉಳಿದದ್ದು ನೀರಾಗಿ. ಬೆವರಲ್ಲಿ ಕೊಬ್ಬು ಇಳಿಯುತ್ತೆ ಅನ್ನೋದು ಅಷ್ಟು ಸರಿಯಲ್ಲ.

ಕೊನೆಯದು ಸೊಪ್ಪೆ. ಸುಟ್ಟರೂ ಕೊಳೆಸಿದರೂ ಅದರ ಇಂಗಾಲದಲ್ಲಿ ಬಹುಪಾಲು ಗಾಳಿಗೇ ಹೋಗುತ್ತದೆ. ವ್ಯತ್ಯಾಸ ಇರುವುದು ಶಕ್ತಿ ಯಾರಿಗೆ ಸಿಗುತ್ತದೆ ಅನ್ನೋದರಲ್ಲಿ. ಸುಟ್ಟರೆ ಕೆಲವೇ ನಿಮಿಷದಲ್ಲಿ ಎಲ್ಲಾ ಬಿಸಿ, ಹೊಗೆ. ಸಾರಜನಕವೂ ಬಹುಪಾಲು ಹೊಗೆಯಲ್ಲೇ ಹೋಗುತ್ತದೆ. ಹೊಲಕ್ಕೆ ಸೇರಿಸಿದರೆ ಅದೇ ಶಕ್ತಿಯಲ್ಲಿ ಎರೆಹುಳ, ಬ್ಯಾಕ್ಟೀರಿಯಾ, ಶಿಲೀಂಧ್ರಗಳು ತಿಂಗಳುಗಟ್ಟಲೆ ಬದುಕುತ್ತವೆ, ಒಂದು ಪಾಲು ಇಂಗಾಲ ಮಣ್ಣಿನಲ್ಲಿ ಉಳಿಯುತ್ತದೆ. ದನಕ್ಕೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಹೊಲಕ್ಕೇ ಬಿಡಿ ಅನ್ನೋದು ನನ್ನ ಸಲಹೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಮೆಕ್ಕೆಜೋಳದ ಸೊಪ್ಪೆಯಲ್ಲಿ ಒಂದು ಪಾಲು ಸಾರಜನಕಕ್ಕೆ 60 ಪಾಲಿನಷ್ಟು ಇಂಗಾಲ ಇರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲದೆ ಮಣ್ಣಿನದನ್ನೇ ಎತ್ತಿಕೊಳ್ಳುತ್ತವೆ. ಆಗ ಬಿತ್ತಿದ ಪೈರು ಶುರುವಿನಲ್ಲಿ ಹಳದಿಯಾಗುತ್ತದೆ. ಅದಕ್ಕೇ ಬಿತ್ತನೆಗೆ ಮುಂಚೆ ಸಾಕಷ್ಟು ದಿನ ಇರುವಾಗಲೇ ಸೊಪ್ಪೆ ಚೂರು ಮಾಡಿ, ಮಣ್ಣು ಹಸಿ ಇದ್ದಾಗ ಅದಕ್ಕೆ ಬೆರೆಸಿ. ಜೊತೆಗೆ ಕೊಟ್ಟಿಗೆ ಗೊಬ್ಬರವೋ ಸ್ವಲ್ಪ ಯೂರಿಯಾವೋ ಹಾಕಿ. ಹೆಸರು, ಅಲಸಂದೆಯಂಥ ಬೇಳೆಕಾಳು ಮುಂದಿನ ಬೆಳೆಯಾದರೆ ಇನ್ನೂ ಒಳ್ಳೇದು. ಅವುಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತವೆ.